ಚಮೊರೊ ಜನ ಎಲ್ಲಿಂದ ಬಂದ್ರು? ಮರಿಯಾನಾ ದ್ವೀಪಗಳ ಹಳೇ ಸಮಾಜದ ಬಗ್ಗೆ ಗೊತ್ತಿರೋರು ಹೇಳಿ

ಕೆರೆಏರಿ:
ಎಲ್ರಿಗೂ ನಮಸ್ಕಾರ. ಹಿರೋಶಿಮಾ ಮೇಲೆ ಬಾಂಬ್ ಹಾಕಿದ ವಿಮಾನ ಟಿನಿಯನ್ ಅನ್ನೋ ದ್ವೀಪದಿಂದ ಹೊರಟಿದ್ದು ಅಂತ ಓದಿದ್ದೆ. ಮೊನ್ನೆ ಆ ಟಿನಿಯನ್ ಎಲ್ಲಿದೆ ಅಂತ ಮ್ಯಾಪಲ್ಲಿ ಹುಡುಕ್ತಾ ಕೂತೆ, ಉತ್ತರದಲ್ಲಿ ಆ ಹಳೇ ರನ್‌ವೇ, ದಕ್ಷಿಣದಲ್ಲಿ "ತಾಗಾ ಮನೆ" ಅಂತ ಒಂದು ಜಾಗ. ಫೋಟೋ ನೋಡಿದ್ರೆ ಹದಿನೈದು ಅಡಿ ಎತ್ತರದ ಒಂದೇ ಕಲ್ಲಿನ ಕಂಬ, ಅದರ ತಲೆ ಮೇಲೆ ದೊಡ್ಡ ಬಟ್ಟಲಿನ ಥರ ಕೊರೆದ ಇನ್ನೊಂದು ಕಲ್ಲು. ಒಂದೇ ಒಂದು ನಿಂತಿದೆ, ಉಳಿದವೆಲ್ಲ ಸುತ್ತ ಬಿದ್ದಿವೆ. ಇದನ್ನ ಕಟ್ಟಿದೋರು ಚಮೊರೊ ಅನ್ನೋ ಜನ ಅಂತೆ.

ನನ್ನ ಪ್ರಶ್ನೆ ಇಷ್ಟೇ. ಇವರು ಮೂಲತಃ ಎಲ್ಲಿಯವರು? ಇವರ ಸಮಾಜದಲ್ಲಿ ಹೆಂಗಸರ ಮಾತೇ ನಡೀತಿತ್ತು ಅಂತ ಒಂದು ಕಡೆ ಬರೆದಿದ್ರು, ನಿಜಾನಾ? ಇನ್ನೊಂದು ಕಡೆ "ನಿಜವಾದ ಚಮೊರೊಗಳು ಸ್ಪೇನ್‌ನವರ ಕಾಲದಲ್ಲೇ ನಿರ್ನಾಮ ಆದ್ರು, ಈಗಿರೋರು ಮಿಶ್ರ ಜನ" ಅಂತ ಇತ್ತು. ಇದಂತೂ ಓದಿ ಮನಸ್ಸಿಗೆ ಒಂಥರಾ ಆಯ್ತು. ಗೊತ್ತಿರೋರು ದಯವಿಟ್ಟು ಬರೀರಿ.

ಇತಿಹಾಸಕಟ್ಟೆ:
ಒಳ್ಳೆ ಪ್ರಶ್ನೆ. ಮೊದಲು ಜಾಗ ಹೇಳ್ಬಿಡ್ತೀನಿ. ಫಿಲಿಪೈನ್ಸ್‌ನಿಂದ ಪೂರ್ವಕ್ಕೆ ಎರಡು ಸಾವಿರ ಕಿ.ಮೀ.ಗೂ ಜಾಸ್ತಿ ದೂರದಲ್ಲಿ ಉತ್ತರ ದಕ್ಷಿಣವಾಗಿ 15 ದ್ವೀಪಗಳ ಒಂದು ಸಾಲು ಇದೆ, ಅದೇ ಮರಿಯಾನಾ. ದಕ್ಷಿಣದ ತುದಿಲಿರೋ ಗುವಾಮ್ ದೊಡ್ಡದು, ಆಮೇಲೆ ರೋಟಾ, ಟಿನಿಯನ್, ಸೈಪಾನ್. ಉತ್ತರದವು ಜ್ವಾಲಾಮುಖಿ ದ್ವೀಪಗಳು.

ಇಲ್ಲಿಗೆ ಮನುಷ್ಯರು ಬಂದಿದ್ದು ಸುಮಾರು 3500 ವರ್ಷದ ಹಿಂದೆ. ಆಸ್ಟ್ರೊನೇಷಿಯನ್ ಅಂತಾರಲ್ಲ, ತೈವಾನ್ ಕಡೆಯಿಂದ ಶುರುವಾಗಿ ಫಿಲಿಪೈನ್ಸ್, ಇಂಡೋನೇಷ್ಯಾ, ಆ ಕಡೆ ಮಡಗಾಸ್ಕರ್, ಈ ಕಡೆ ಹವಾಯಿ, ನ್ಯೂಜಿಲೆಂಡ್ ತನಕ ಹರಡಿದ ಜನ, ಅವರ ಒಂದು ಕವಲು ಇದು. ಆದ್ರೆ ಹವಾಯಿಯವರ ಜೊತೆ ಇವರನ್ನ ಸೇರಿಸ್ಬೇಡಿ. ಹವಾಯಿಗೆ ಜನ ಹೋಗಿದ್ದು ಸುಮಾರು ಸಾವಿರ ವರ್ಷದ ಹಿಂದೆ, ನ್ಯೂಜಿಲೆಂಡ್‌ಗೆ ಇನ್ನೂ ಈಚೆಗೆ. ಅಷ್ಟೊತ್ತಿಗೆ ಚಮೊರೊಗಳು ಮರಿಯಾನಾದಲ್ಲಿ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿ ಆಗಿತ್ತು. ನೆಲವೇ ಕಾಣದ ಅಷ್ಟು ದೂರದ ಸಮುದ್ರ ದಾಟಿ ಹೋಗಿ ನೆಲೆ ನಿಂತವರಲ್ಲಿ ಇವರು ಮೊದಮೊದಲನೇ ಸಾಲಿನವರು. ಆ ಕಾಲದ ಕೆಂಪು ಮಡಕೆ ಚೂರುಗಳು ಸಿಕ್ಕಿವೆ, ಗೀರು ಕೊರೆದು ಅದರೊಳಗೆ ಸುಣ್ಣ ತುಂಬಿ ಅಲಂಕಾರ ಮಾಡಿರೋವು, ಅದೇ ಥರದ್ದು ಫಿಲಿಪೈನ್ಸ್‌ನಲ್ಲೂ ಸಿಗ್ತವೆ.

ಕೆರೆಏರಿ:
ಹಾಗಾದ್ರೆ ಫಿಲಿಪೈನ್ಸ್‌ನಿಂದಲೇ ಬಂದಿದ್ದು ಅಂತ ಖಚಿತಾನಾ?

ಬೇರುಬಿಳಲು:
ಪೂರ್ತಿ ಖಚಿತ ಅನ್ನಕ್ಕಾಗಲ್ಲ, ಇದರಲ್ಲಿ ಜಗಳ ಇದೆ. ಅಲ್ಲಿ ವರ್ಷದ ಬಹುಭಾಗ ಗಾಳಿ ಪೂರ್ವದಿಂದ ಬೀಸೋದು, ಫಿಲಿಪೈನ್ಸ್‌ನಿಂದ ನೇರ ಹೊರಟರೆ ಹಾಯಿದೋಣಿಗೆ ಎದುರುಗಾಳಿ. ಅದಕ್ಕೇ ಗಾಳಿ, ಪ್ರವಾಹ ಎಲ್ಲ ಕಂಪ್ಯೂಟರ್‌ಗೆ ಹಾಕಿ ನೋಡಿದ ಕೆಲವರು, ದಕ್ಷಿಣದ ಕಡೆಯಿಂದ, ಅಂದ್ರೆ ಇಂಡೋನೇಷ್ಯಾದ ಪೂರ್ವ ಭಾಗ, ನ್ಯೂಗಿನಿ ಹತ್ತಿರದ ದ್ವೀಪಗಳ ಕಡೆಯಿಂದ ಬರೋದು ಸುಲಭ ಅಂತಾರೆ. ಮಡಕೆ ನೋಡೋರು, ಭಾಷೆ ನೋಡೋರು ಫಿಲಿಪೈನ್ಸ್ ಅಂತಾರೆ. 2021ರಲ್ಲಿ ಗುವಾಮ್‌ನ ಉತ್ತರ ತುದಿ ರಿಟಿಡಿಯನ್‌ನಲ್ಲಿ ಸಿಕ್ಕ, ಸುಮಾರು 2200 ವರ್ಷ ಹಳೇ ಎರಡು ಅಸ್ಥಿಪಂಜರದ ಡಿಎನ್‌ಎ ಪ್ರಕಟ ಆಯ್ತು. ಅದು ಫಿಲಿಪೈನ್ಸ್ ಕಡೆಗೇ ಬೊಟ್ಟು ಮಾಡುತ್ತೆ. ಇನ್ನೊಂದು ವಿಷಯ ಏನಂದ್ರೆ ದಕ್ಷಿಣ ಪೆಸಿಫಿಕ್ ದ್ವೀಪಗಳಾದ ವನುವಾಟು, ಟೋಂಗಾದ ಅತಿ ಹಳೇ ಜನರಿಗೂ ಇವರಿಗೂ ಹತ್ತಿರದ ನಂಟು ಕಂಡಿದೆ.

ಭಾಷೆನೂ ನೋಡಿ, ಪೆಸಿಫಿಕ್‌ನ ಬಹುತೇಕ ದ್ವೀಪ ಭಾಷೆಗಳೆಲ್ಲ ಓಷಿಯಾನಿಕ್ ಅನ್ನೋ ಒಂದೇ ಗುಂಪಿಗೆ ಬರ್ತವೆ, ಚಮೊರೊ ಮತ್ತೆ ಪಲಾವ್ ಅನ್ನೋ ದ್ವೀಪದೇಶದ ಭಾಷೆ ಮಾತ್ರ ಆ ಗುಂಪಿನವಲ್ಲ. ಅಂದ್ರೆ ಇವರು ಬೇರೆ ದಾರಿಯಲ್ಲಿ ಬಂದೋರು.

ರಾಜುಬೆಂಗಳೂರು:
ಗುವಾಮ್ ಅಮೆರಿಕದ್ದಲ್ವಾ?

ಇತಿಹಾಸಕಟ್ಟೆ:
ಹೌದು, 1898ರಲ್ಲಿ ಸ್ಪೇನ್ ಸೋತಾಗ ಅಮೆರಿಕಕ್ಕೆ ಸಿಕ್ತು. ಉತ್ತರದ ದ್ವೀಪಗಳನ್ನ ಸ್ಪೇನ್ 1899ರಲ್ಲಿ ಜರ್ಮನಿಗೆ ಮಾರಿತು, 1914ರಲ್ಲಿ ಜಪಾನ್ ಹಿಡ್ಕೊಳ್ತು, 1944ರಲ್ಲಿ ಅಮೆರಿಕ. ಈಗ ಎರಡೂ ಅಮೆರಿಕದ ಕೆಳಗೇ ಇದ್ರೂ ಒಂದೇ ಜನ, ಎರಡು ಬೇರೆ ಆಡಳಿತ, ಇವತ್ತಿಗೂ ಹಾಗೇ.

ವೇದಭೂಮಿ:
ಅವರು ಅಡಿಕೆ, ವೀಳ್ಯದೆಲೆ, ಸುಣ್ಣ ಹಾಕ್ಕೊಂಡು ಜಗೀತಾರೆ, ಹಿರಿಯರ ಕೈಗೆ ನಮಸ್ಕಾರ ಮಾಡ್ತಾರೆ, ಅಕ್ಕಿ ಬೆಳೀತಿದ್ರು, ಜಾತಿನೂ ಇತ್ತು. ಇಷ್ಟೆಲ್ಲ ಇದ್ಮೇಲೆ ಭಾರತದಿಂದ ಹೋದೋರೇ ಅನ್ನೋದರಲ್ಲಿ ಅನುಮಾನ ಯಾಕೆ?

ತೋಟದಮನೆ_ಶಿರಸಿ:
ಅಡಿಕೆ ಬೆಳೆಯೋನಾಗಿ ನಾನೇ ಹೇಳ್ತೆ ಕೇಳಿ. ಅಡಿಕೆ ಮರದ ತವರೇ ಆಗ್ನೇಯ ಏಷ್ಯಾದ ದ್ವೀಪಗಳ ಕಡೆ. ಆ ಕುಲದ ಕಾಡುಜಾತಿಗಳು ಹೆಚ್ಚು ಇರೋದು ಮಲೇಷ್ಯಾ, ಫಿಲಿಪೈನ್ಸ್ ಕಡೆಗೇ. ಫಿಲಿಪೈನ್ಸ್‌ನ ಪಲವಾನ್ ದ್ವೀಪದ ಒಂದು ಗವಿಯಲ್ಲಿ ಸುಮಾರು 4600 ವರ್ಷ ಹಳೇ ಹೆಣದ ಪಕ್ಕ ಸುಣ್ಣ ತುಂಬಿದ ಚಿಪ್ಪು ಸಿಕ್ಕಿದ್ದು. ನಮ್ಮ ತೋಟಕ್ಕೇ ಅಡಿಕೆ ಆ ಕಡೆಯಿಂದ ಬಂದಿದ್ದು ಮಾರಾಯ್ರೆ, ಇಲ್ಲಿಂದ ಅಲ್ಲಿಗೆ ಹೋಗಿದ್ದಲ್ಲ. ಚಮೊರೊಗಳು ಅದನ್ನ ಬರುವಾಗಲೇ ಜೊತೆಗೆ ತಂದಿದ್ದು ಅಂತ ಕಾಣ್ತು. ಹಳೇ ಗೋರಿಗಳಲ್ಲಿ ಸಿಕ್ಕ ಹಲ್ಲೆಲ್ಲ ಅಡಿಕೆ ಕಲೆ ಹಿಡಿದಿದ್ದೇ ಇದ್ದು.

ಅವು ಒಣಗಿಸಿ ಬೇಯಿಸಿ ಮಾಡೋದಿಲ್ಲೆ, ಹಸಿ ಗೋಟನ್ನೇ ಒಡೆದು ಎಲೆ, ಸುಣ್ಣ ಸೇರಿಸಿ ಹಾಕ್ಕೊಳೋದು. ಒಳಗಡೆ ಕೆಂಪಿರೋ ಅಡಿಕೆಗೆ ಅಲ್ಲಿ ಜಾಸ್ತಿ ಮರ್ಯಾದೆ ಅಂತೆ.

ನೇರಮಾತು:
ಸರಿಯಾಗಿ ಹೇಳಿದ್ರಿ ತೋಟದಮನೆಯವರೇ. ಯಾವ ಜನರ ಬಗ್ಗೆ ಮಾತು ಶುರುವಾದ್ರೂ ಹತ್ತು ನಿಮಿಷದಲ್ಲಿ "ನಮ್ಮಿಂದ ಹೋದೋರು" ಅನ್ನೋರು ಬಂದೇ ಬರ್ತಾರೆ. ಮೂರೂವರೆ ಸಾವಿರ ವರ್ಷದ ಹಿಂದೆ ದೋಣಿ ಕಟ್ಟಿ ಎರಡು ಸಾವಿರ ಕಿಲೋಮೀಟರ್ ಸಮುದ್ರ ದಾಟಿದ ಸಾಹಸ ಅವರದು, ಅದನ್ನ ಅವರಿಗೇ ಬಿಡಿ.

ವೇದಭೂಮಿ:
ನಾನು ಅವರ ಸಾಹಸ ಕಿತ್ಕೊಂಡಿಲ್ಲ. ಅವರ ಸೃಷ್ಟಿಕಥೆ ಓದಿ ಬನ್ನಿ. ಪುಂಟಾನ್ ಅನ್ನೋ ಆದಿಪುರುಷ ಸಾಯುವಾಗ ಅವನ ಕಣ್ಣು ಸೂರ್ಯ ಚಂದ್ರ ಆಯ್ತು, ಹುಬ್ಬು ಕಾಮನಬಿಲ್ಲು, ಎದೆ ಆಕಾಶ, ಬೆನ್ನು ಭೂಮಿ. ಪುರುಷಸೂಕ್ತ ನೆನಪಾಗಲ್ವಾ?

ಧಾರವಾಡದಾಕಿ:
ನೆನಪು ಆಗ್ತೈತಿ, ಆದ್ರ ಅರ್ಧ ಕಥಿ ಬಿಟ್ರಿ ನೀವು. ಪುಂಟಾನ್‌ನ ಮೈಯಿಂದ ಅದನ್ನೆಲ್ಲಾ ಮಾಡಿದಾಕಿ ಅವನ ತಂಗಿ ಫುಉನ್ಯಾ. ಆಕಿ ಶಕ್ತಿ ಇಲ್ಲದ ಅದು ಯಾವುದೂ ಆಗ್ತಿದ್ದಿಲ್ಲ. ಆಮ್ಯಾಲೆ ಆಕಿನೇ ಗುವಾಮ್‌ನ ದಕ್ಷಿಣಕ್ಕ ಉಮಾಟಾಕ್ ಹತ್ರ ಫೌಹಾ ಅನ್ನೂ ಕೊಲ್ಲಿಯೊಳಗ ಬಂಡೆಗಲ್ಲಾಗಿ ನಿಂತ್ಲು, ಆ ಬಂಡಿಯಿಂದನ ಮನುಷ್ಯರು ಹುಟ್ಟಿದ್ರು ಅಂತ ಕಥಿ. ಆ ಬಂಡಿ ಇವತ್ತೂ ಐತಿ. ಇಂಥಾ ಕಥಿ ಇಟ್ಕೊಂಡ ಜನರೊಳಗ ಹೆಣ್ಮಕ್ಕಳ ಮಾತು ನಡೀತಿತ್ತು ಅಂದ್ರ ನನಗ ಆಶ್ಚರ್ಯ ಇಲ್ಲ ನೋಡ್ರಿ. ಅದಿರಲಿ, ಜಾತಿ ಇತ್ತು ಅಂದ್ರಲ್ಲ, ಅದನ್ನ ಯಾರರೆ ಬಿಡಿಸಿ ಹೇಳ್ರಿ.

ಇತಿಹಾಸಕಟ್ಟೆ:
ಹೇಳ್ತೀನಿ. ಸ್ಪೇನ್‌ನ ಪಾದ್ರಿಗಳು ಬರೆದಿಟ್ಟಿರೋ ಪ್ರಕಾರ ಮೇಲೆ ಮತಾಓ, ನಡುವೆ ಅಚಾಓಟ್, ಕೆಳಗೆ ಮನಾಚಾಂಗ್. ಮತಾಓಗಳು ಸಮುದ್ರ ದಂಡೆಲಿ ಒಳ್ಳೆ ಜಾಗ ಹಿಡಿದೋರು. ದೋಣಿ ಕಟ್ಟೋದು, ದೂರದ ಮೀನುಗಾರಿಕೆ, ಯುದ್ಧ, ದ್ವೀಪದಿಂದ ದ್ವೀಪಕ್ಕೆ ವ್ಯಾಪಾರ ಎಲ್ಲ ಅವರ ಕೈಲಿ. ಅಚಾಓಟ್ ಅವರ ನಂಟರೇ, ಕೆಲಸದಲ್ಲಿ ಜೊತೆಗಿರೋರು. ತಪ್ಪು ಮಾಡಿದ ಮತಾಓನನ್ನ ಈ ದರ್ಜೆಗೆ ಇಳಿಸೋದೂ ಇತ್ತು. ಮನಾಚಾಂಗ್ ಒಳನಾಡಲ್ಲಿ ಬೇಸಾಯ ಮಾಡ್ಕೊಂಡಿರ್ಬೇಕು, ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಹೊಳೆಯಲ್ಲಿ ಹಾವುಮೀನು ಹಿಡೀಬಹುದು, ಅದೂ ಬರಿಗೈಲಿ, ಬಲೆ ಗಾಳ ಏನೂ ಮುಟ್ಟಂಗಿಲ್ಲ. ಮತಾಓಗಳು ಆ ಹಾವುಮೀನು ತಿಂತಿರ್ಲಿಲ್ಲ. ದೊಡ್ಡೋರು ಎದುರು ಬಂದ್ರೆ ಮನಾಚಾಂಗ್ ಬಗ್ಗಿ ನಿಲ್ಬೇಕು.

ಮೂರಲ್ಲ, ನಿಜಕ್ಕೂ ಎರಡೇ ದರ್ಜೆ ಇದ್ದಿದ್ದು ಅನ್ನೋ ವಿದ್ವಾಂಸರೂ ಇದ್ದಾರೆ. ಇಡೀ ದ್ವೀಪಕ್ಕೊಬ್ಬ ರಾಜ ಅಂತ ಯಾವತ್ತೂ ಇರ್ಲಿಲ್ಲ. ಊರಿಗೊಬ್ಬ ಹಿರಿಯ, ಮಗಾಲಾಹಿ ಅಂತ. ಜೊತೆಗೆ ಮಗಾಹಾಗಾ ಅಂತ ಹಿರಿಯ ಹೆಂಗಸು. ಊರೂರಿಗೆ ಜಗಳ ಆಗ್ತಿತ್ತು, ಕವಣೆ ಕಲ್ಲು, ಈಟಿ ಹಿಡಿದು ಹೋಗೋರು, ಎರಡು ಮೂರು ಹೆಣ ಬಿದ್ದ ತಕ್ಷಣ ಸೋತೋರು ಆಮೆ ಚಿಪ್ಪು ಕೊಟ್ಟು ರಾಜಿ. ಆ ಕವಣೆ ಕಲ್ಲು ಎರಡೂ ಕಡೆ ಚೂಪು, ನಡುವೆ ದಪ್ಪ, ನುಣ್ಣಗೆ ತಿಕ್ಕಿರೋದು. ಗುವಾಮ್‌ನ ಬಾವುಟದ ಮಧ್ಯೆ ಇರೋ ಆಕಾರ ಅದೇ.

ತೆಂಕಣಗಾಳಿ:
ನಮ್ಮ ಊರಲ್ಲಿ ಇದನ್ನ ಓದಿದ್ರೆ ಎಲ್ರೂ "ಅಳಿಯಕಟ್ಟು" ಅಂತಾರೆ ಮಾರಾಯ್ರೆ. ಚಮೊರೊಗಳಲ್ಲಿ ಮಗಾಲಾಹಿ ಸತ್ರೆ ಪಟ್ಟ ಮಗನಿಗೆ ಹೋಗೂದಿಲ್ಲ, ತಮ್ಮನಿಗೆ ಅಥವಾ ಅಕ್ಕ ತಂಗಿಯ ಮಗನಿಗೆ. ಜಾಗ, ಕುಲ ಎಲ್ಲ ತಾಯಿ ಕಡೆಯಿಂದ. ತುಳುನಾಡಿನ ಅಳಿಯಸಂತಾನದಲ್ಲಿ ಹೀಗೇ ಉಂಟಲ್ಲ, ಬಂಟರಲ್ಲಿ ಇನ್ನೂ ಬಳಿ, ಅಂದ್ರೆ ಕುಲದ ಹೆಸರು, ತಾಯಿದೇ. ಕಾನೂನು 1949ರಲ್ಲಿ, ಆಮೇಲೆ 1956ರಲ್ಲಿ ಬದಲಾಯ್ತು, ಪಾಲು ಆಯ್ತು, ಆದ್ರೂ ಯಾರ ಮನೆ ಅಂತ ಕೇಳಿದ್ರೆ ಜನ ತಾಯಿ ಮನೆ ಹೆಸರೇ ಹೇಳೂದು.

ನೇರಮಾತು:
ತೆಂಕಣಗಾಳಿ, ಹೋಲಿಕೆ ಚೆನ್ನಾಗಿದೆ, ಆದ್ರೆ ಒಂದು ಮಾತು. ತಾಯಿ ಕಡೆಯಿಂದ ಆಸ್ತಿ ಹೋದ ಮಾತ್ರಕ್ಕೆ ಹೆಂಗಸರ ರಾಜ್ಯ ಅಂತಲ್ಲ. ಅಳಿಯಸಂತಾನದಲ್ಲೂ ಯಜಮಾನಿಕೆ ಮಾಡ್ತಿದ್ದೋನು ಮಾವನೇ. ಚಮೊರೊಗಳಲ್ಲೂ ಹಾಗೇ ಇದ್ದಿರಬಹುದು, ಪಾದ್ರಿಗಳು ಬೆರಗಾಗಿ ಸ್ವಲ್ಪ ಜಾಸ್ತಿನೇ ಬರೆದಿರ್ತಾರೆ.

ಧಾರವಾಡದಾಕಿ:
ಏನ್ ಬರದಾರ ಅನ್ನೂದನ್ನ ಮೊದಲ ಓದ್ರಲಾ. ಗಂಡ ಬ್ಯಾರೆ ಹೆಂಗಸಿನ ಸಹವಾಸ ಮಾಡ್ದಾ ಅಂದ್ರ ಹೆಂಡ್ತಿ ಊರಿನ ಹೆಣ್ಮಕ್ಕಳನ್ನೆಲ್ಲಾ ಕೂಡಿಸಿಕೊಂಡು, ತಲಿಗೆ ಗಂಡಸರ ಟೊಪ್ಪಿಗಿ, ಕೈಯಾಗ ಈಟಿ ಹಿಡಕೊಂಡು ಅವನ ಮನಿ ಮ್ಯಾಲೆ ಹೋಗ್ತಿದ್ಲು. ಬೆಳಿ ಕಿತ್ತು, ಹಣ್ಣಿನ ಗಿಡ ಕಡದು, ಮನಿ ಕೆಡವಿ ಬರ್ತಿದ್ರು. ಹೆಂಡ್ತಿ ತಪ್ಪು ಮಾಡಿದ್ರ ಗಂಡ ಆಕಿನ್ನ ಮುಟ್ಟೂ ಹಂಗಿಲ್ಲ, ಹೊರಗ ಹಾಕಬಹುದು ಅಷ್ಟ. ಗಂಡನ್ನ ಬಿಟ್ಟು ಹೊಂಟ್ರ ಮಕ್ಕಳು, ಸಾಮಾನು ಎಲ್ಲಾ ಆಕಿ ಕೂಡನ. ಮುಂದ ಆಕಿ ಮದುವಿ ಆದಾಂವನ ಆ ಮಕ್ಕಳಿಗೆ ಅಪ್ಪ. ಪಾದ್ರಿಗಳಿಗೆ ಇದನ್ನ ಹೊಗಳೂ ಉದ್ದೇಶ ಇರ್ಲಿಲ್ಲ, ಅವರು ಇದನ್ನ ನೋಡಿ ಗಾಬರಿ ಆಗಿ ಬರದಾರ. ಹೊಗಳಾಕ ಬರದದ್ದಾಗಿದ್ರ ನಿಮ್ಮ ಮಾತು ಒಪ್ಪತಿದ್ದೆ.

ನೇರಮಾತು:
ಕುಟುಂಬದೊಳಗೆ ಅಧಿಕಾರ ಇತ್ತು, ಒಪ್ಪಿದೆ. ಯುದ್ಧ, ದೂರದ ಸಮುದ್ರಯಾನ ಗಂಡಸರದ್ದೇ. ಅಷ್ಟೇ ನಾನು ಹೇಳ್ತಿರೋದು.

ಧಾರವಾಡದಾಕಿ:
ಜಮೀನು ಯಾರ ಕೈಯಾಗ ಐತಿ, ಮಕ್ಕಳು ಯಾರ ಕುಲ, ಅದಕಿಂತ ದೊಡ್ಡ ಅಧಿಕಾರ ಯಾವುದೈತಿ ಹೇಳ್ರಿ.

ಹಡಗಿನವ_ಕುಂದಾಪ್ರ:
ನಾನು ಮರ್ಚೆಂಟ್ ನೇವಿ. ಗುವಾಮ್‌ನ ಆಪ್ರಾ ಬಂದರಿಗೆ ಹೋಗಿದ್ದೆ, ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸೋ ಒಬ್ಬರ ಪರಿಚಯ ಆಗಿ ದಕ್ಷಿಣದ ಒಂದು ಊರಿನ ಹಬ್ಬಕ್ಕೆ ಕರ್ಕಂಡು ಹೋದ್ರು. ಅಲ್ಲಿ ಊರಿಗೊಬ್ಬ ಸಂತ, ಆ ಸಂತನ ಹೆಸರಲ್ಲಿ ವರ್ಷಕ್ಕೊಂದು ಫಿಯೆಸ್ಟಾ, ಮನೆಮನೆಯಲ್ಲೂ ಊಟ, ಪರಿಚಯ ಇಲ್ಲದವರಿಗೂ. ಕೆಂಪು ಅನ್ನ ಮಾಡ್ತಾರೆ, ರಂಗಮಾಲೆ ಬೀಜದ ಬಣ್ಣ ಹಾಕಿ, ಅದು ಸ್ಪೇನ್‌ನವರು ಮೆಕ್ಸಿಕೋದಿಂದ ತಂದ ಗಿಡ. ಕೋಳಿಯನ್ನ ಕೆಂಡದಲ್ಲಿ ಸುಟ್ಟು ಸಣ್ಣಗೆ ಕೊಚ್ಚಿ, ನಿಂಬೆಹುಳಿ, ತೆಂಗಿನತುರಿ, ಗಾಂಧಾರಿ ಮೆಣಸಿನಂಥ ಸಣ್ಣ ಮೆಣಸು ಹಾಕಿ ಕಲಸ್ತಾರೆ. ಹಲಸಿನ ಜಾತಿದು ಜೀಗುಜ್ಜೆ ಉಂಟಲ್ಲ, ಅದು ಅಲ್ಲಿ ಹಳೇ ಕಾಲದಿಂದ ಮುಖ್ಯ ಆಹಾರ, ಬೇಯಿಸಿಯೂ ಇತ್ತು ಸುಟ್ಟದ್ದೂ ಇತ್ತು.

ನನಗೆ ಮರೆಯಕ್ಕಾಗದ್ದು ಬೇರೆ. ಒಳಗೆ ಒಂದು ಕುರ್ಚಿಲಿ ಅಜ್ಜಿ ಕೂತಿದ್ರು. ಮನೆಗೆ ಬಂದೋರೆಲ್ಲ, ಯೂನಿಫಾರ್ಮ್ ಹಾಕ್ಕಂಡ ದೊಡ್ಡ ದೊಡ್ಡ ಆಳುಗಳೂ ಸೈತ, ಮೊದಲು ಅಜ್ಜಿ ಹತ್ರ ಹೋಗಿ ಬಗ್ಗಿ ಅವರ ಕೈಯ ಹಿಂಬದಿಗೆ ಮೂಗು ತಾಗಿಸಿ ಆಮೇಲೆ ಊಟಕ್ಕೆ. ಹಿರಿಯರ ಒಳಗಿನ ಆತ್ಮದ ಪರಿಮಳ ತಗೊಳ್ಳೋದು ಅಂತ ನನ್ನ ಕರ್ಕಂಡು ಹೋದವರು ವಿವರಿಸಿದ್ರು. ಅಡುಗೆಮನೆ ಮೂಲೆಯಲ್ಲಿ ಇನ್ನೊಬ್ಬ ಹೆಂಗಸು ಒಂದು ನೋಟ್‌ಬುಕ್ ಇಟ್ಕಂಡು ಬರೀತಾ ಇದ್ರು, ಯಾರು ಎಷ್ಟು ಅಕ್ಕಿ ಮೂಟೆ ತಂದ್ರು, ಯಾರು ಮೀನು, ಯಾರು ಕವರ್ ಕೊಟ್ರು. ಚೆಂಚುಲೆ ಅಂತಾರೆ ಅದಕ್ಕೆ. ನಾಳೆ ಅವರ ಮನೇಲಿ ಮದುವೆಯೋ ಸಾವೋ ಆದ್ರೆ ಇವರು ಅಷ್ಟೇ ತೂಕದ್ದು ಕೊಡ್ಬೇಕು.

ಮಂಡ್ಯಗೌಡ್ರು:
ಇದು ನಮ್ಮ ಮುಯ್ಯಿನೇ ಕಣಣ್ಣ!! ನಮ್ಮಲ್ಲೂ ಮದ್ವೆ ಚಪ್ರದಲ್ಲಿ ಪುಸ್ತಕ ಇಟ್ಕೊಂಡು ಕೂತಿರ್ತಾರಲ್ಲ.

ಹಡಗಿನವ_ಕುಂದಾಪ್ರ:
ಹೌದು ಗೌಡ್ರೆ, ಆದ್ರೆ ಅಲ್ಲಿ ಅದು ಬರೀ ಮದುವೆಗಲ್ಲ. ಸತ್ತ ಮನೆಯಲ್ಲಿ ಒಂಬತ್ತು ರಾತ್ರಿ ಪ್ರಾರ್ಥನೆ, ಎಲ್ರಿಗೂ ಊಟ, ಅಷ್ಟೂ ಖರ್ಚು ನಿಲ್ಲೋದು ಇದರ ಮೇಲೇ. ಒಬ್ಬರಿಗೊಬ್ಬರು ಒಳ್ಳೇದು ಮಾಡ್ಕಂಡು ಸರಿಮಾಡ್ಕಂಡು ಹೋಗೋದಕ್ಕೆ ಇನಾಫಮಾವ್ಲೆಕ್ ಅಂತಾರೆ, ಸ್ಪೇನ್‌ನವರು ಬರೋಕಿಂತ ಮುಂಚಿನದ್ದು. ಚರ್ಚು ಹೊರಗಡೆಯಿಂದ ಬಂತು, ಈ ಲೆಕ್ಕ ಮಾತ್ರ ಹಳೇದೇ.

ಕೆರೆಏರಿ:
ಎಷ್ಟೊಂದು ವಿಷಯ! ಆದ್ರೆ ನನ್ನ ಮೂರನೇ ಪ್ರಶ್ನೆ ಹಾಗೇ ಉಳೀತು. ನಿರ್ನಾಮ ಆದ್ರು ಅನ್ನೋದು?

ಇತಿಹಾಸಕಟ್ಟೆ:
ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1521 ಮಾರ್ಚ್ 6, ಸ್ಪೇನ್ ಪರವಾಗಿ ಹೊರಟಿದ್ದ ನಾವಿಕ ಮೆಗೆಲ್ಲನ್‌ನ ಹಡಗುಗಳು ಇಲ್ಲಿಗೆ ಬಂದ್ವು, ಜನ ಹಸಿವಿಂದ ಸಾಯ್ತಿದ್ರು. ಚಮೊರೊಗಳು ದೋಣಿಲಿ ಹೋಗಿ ಹಡಗು ಹತ್ತಿ ಕೈಗೆ ಸಿಕ್ಕಿದ್ದು ತಗೊಂಡ್ರು, ಒಂದು ಸಣ್ಣ ದೋಣಿನೂ ಬಿಚ್ಕೊಂಡು ಹೋದ್ರು. ಮೆಗೆಲ್ಲನ್ ದಡಕ್ಕಿಳಿದು ಮನೆಗಳನ್ನ ಸುಟ್ಟು ಏಳು ಜನರನ್ನ ಕೊಂದು, ದ್ವೀಪಗಳಿಗೆ "ಕಳ್ಳರ ದ್ವೀಪ" ಅಂತ ಹೆಸರಿಟ್ಟು ಹೋದ. ಆ ಹೆಸರು ನೂರೈವತ್ತು ವರ್ಷ ನಡೀತು. ಅನ್ನ ನೀರು ಕೊಟ್ಟ ಮೇಲೆ ತಿರುಗಿ ಕೊಡ್ಬೇಕು ಅನ್ನೋ ಲೆಕ್ಕದ ಜನ, ಹಡಗಿನವರು ಮೇಲೆ ಬರೆದ್ರಲ್ಲ ಅದೇ ಲೆಕ್ಕ. ಅವರು ಕದ್ರು ಅನ್ನೋಕಿಂತ ತಮ್ಮ ಪಾಲು ತಗೊಂಡ್ರು ಅನ್ನೋ ಇತಿಹಾಸಕಾರರೂ ಇದ್ದಾರೆ, ನಾನೂ ಆ ಪಕ್ಷ.

1668ರಲ್ಲಿ ಸಾನ್ ವಿತೋರೆಸ್ ಅನ್ನೋ ಜೆಸ್ಯುಟ್ ಪಾದ್ರಿ ಬಂದ. ಸ್ಪೇನ್ ರಾಣಿ ಮರಿಯಾನಾ ಹೆಸರು ದ್ವೀಪಕ್ಕೆ ಬಿದ್ದಿದ್ದು ಆಗಲೇ. ಗುವಾಮ್‌ನ ಈಗಿನ ರಾಜಧಾನಿ ಹಗಾಟ್ನಾದ ಹಿರಿಯ ಕೆಪೂಹಾ ಚರ್ಚಿಗೆ ಜಾಗ ಕೊಟ್ಟ. ಮೊದಮೊದಲು ಸರಿ ಇತ್ತು. ಆಮೇಲೆ ಪಾದ್ರಿಗಳು ಎರಡು ಕಡೆ ಕೈ ಹಾಕಿದ್ರು. ಮನೇಲಿ ಪೂರ್ವಜರ ತಲೆಬುರುಡೆ ಇಟ್ಟು ಪೂಜೆ ಮಾಡ್ತಿದ್ರಲ್ಲ, ಅದನ್ನ ಒಡೆಸಿದ್ರು, ಸುಡಿಸಿದ್ರು. ಹುಡುಗರು ದೋಣಿ, ಕವಣೆ ಎಲ್ಲ ಕಲೀತಿದ್ದ ಗುಮಾ ಉರಿತಾಓ ಅನ್ನೋ ಗಂಡುಹುಡುಗರ ಮನೆಗಳನ್ನ ಮುಚ್ಚಿಸಿದ್ರು. ಸಾಯೋ ಕೂಸುಗಳ ತಲೆ ಮೇಲೆ ನೀರು ಹಾಕಿ ಕ್ರೈಸ್ತ ದೀಕ್ಷೆ ಕೊಡ್ತಿದ್ರಿಂದ, ಆ ನೀರೇ ವಿಷ ಅಂತ ಸುದ್ದಿ ಹಬ್ಬಿತು. 1671ರಲ್ಲಿ ಹುರಾಓ ಅನ್ನೋ ನಾಯಕ ಜನ ಸೇರಿಸಿ ಹಗಾಟ್ನಾಕ್ಕೆ ಮುತ್ತಿಗೆ ಹಾಕಿದ. 1672ರ ಏಪ್ರಿಲ್‌ನಲ್ಲಿ ಮತಾಪಾಂಗ್ ಅನ್ನೋ ಹಿರಿಯನ ಮಗೂಗೆ ಅವನು ಬೇಡ ಅಂದ್ರೂ ದೀಕ್ಷೆ ಕೊಟ್ಟಿದ್ದಕ್ಕೆ ಸಾನ್ ವಿತೋರೆಸ್‌ನ ಟುಮಾನ್ ದಂಡೇಲಿ ಕೊಂದ್ರು. ಅಲ್ಲಿಂದ 1690ರ ದಶಕದ ತನಕ ಬಿಟ್ಟು ಬಿಟ್ಟು ಯುದ್ಧ. ಕೊನೆಗೆ ಉತ್ತರದ ದ್ವೀಪಗಳನ್ನ ಖಾಲಿ ಮಾಡಿಸಿ ಜನರನ್ನ ಗುವಾಮ್‌ಗೆ ತಂದು ಚರ್ಚಿನ ಸುತ್ತ ಕೂರಿಸಿದ್ರು.

ಜಾನ್‌ಡಿಸೋಜ:
ಪಾದ್ರಿಗಳದ್ದೇ ಎಲ್ಲ ತಪ್ಪು ಅನ್ನೋ ಥರ ಬರೀತಿದ್ದೀರಿ. ಜನ ಸತ್ತಿದ್ದು ಹೆಚ್ಚಾಗಿ ರೋಗದಿಂದ. ಮತ್ತೆ ಇವತ್ತು ಚಮೊರೊಗಳಲ್ಲಿ ಹೆಚ್ಚಿನವರು ಮನಸಾರೆ ಕ್ಯಾಥೊಲಿಕರು, ಸಾನ್ ವಿತೋರೆಸ್‌ಗೆ 1985ರಲ್ಲಿ ಪೋಪ್ ಪುಣ್ಯಾತ್ಮ ಪದವಿ ಕೊಟ್ಟಾಗ ಅಲ್ಲಿ ಸಂಭ್ರಮ ಪಟ್ಟೋರು ಅವರೇ.

ಇತಿಹಾಸಕಟ್ಟೆ:
ರೋಗವೇ ದೊಡ್ಡ ಕಾರಣ, ಒಪ್ತೀನಿ. ಆದ್ರೆ ಬೇರೆ ಬೇರೆ ದ್ವೀಪಗಳಲ್ಲಿ ಹರಡಿದ್ದ ಜನರನ್ನ ಕೆಲವೇ ಊರುಗಳಲ್ಲಿ ಒತ್ತಿ ಕೂರಿಸಿದ್ರೆ ರೋಗ ಹರಡದೆ ಇನ್ನೇನು. 1668ರಲ್ಲಿ ಎಷ್ಟು ಜನ ಇದ್ರು ಅನ್ನೋದಕ್ಕೆ ಲೆಕ್ಕ ಒಂದೇ ಥರ ಇಲ್ಲ, ಸುಮಾರು 40 ಸಾವಿರ ಅಂತ ಹೇಳೋರು ಜಾಸ್ತಿ. 1710ರ ಎಣಿಕೇಲಿ ನಾಲ್ಕು ಸಾವಿರವೂ ಇಲ್ಲ. 1856ರಲ್ಲಿ ಸಿಡುಬು ಬಂದು ಗುವಾಮ್‌ನ ಅರ್ಧಕ್ಕೂ ಹೆಚ್ಚು ಜನ ಮತ್ತೆ ಹೋದ್ರು.

ವೇದಭೂಮಿ:
ಅಂದ್ಮೇಲೆ ನಿರ್ನಾಮ ಆದ ಹಾಗೇ ಅಲ್ವಾ. ಉಳಿದವರು ಸ್ಪೇನ್, ಮೆಕ್ಸಿಕೋ, ಫಿಲಿಪೈನ್ಸ್ ಸೈನಿಕರ ಜೊತೆ ಬೆರೆತು ಹೋದ್ರು.

ಸ್ಯಾನ್‌ಡಿಯಾಗೊ_ಕನ್ನಡತಿ:
ಇಲ್ಲಿ ಬರೀದೇ ಇರಕ್ಕಾಗ್ಲಿಲ್ಲ. ನನ್ನ ಆಫೀಸಲ್ಲಿ ಇಬ್ಬರು ಚಮೊರೊಗಳಿದ್ದಾರೆ. ದ್ವೀಪಗಳಲ್ಲಿ ಇರೋದಕ್ಕಿಂತ ಹೆಚ್ಚು ಚಮೊರೊಗಳು ಅಮೆರಿಕದ ಮುಖ್ಯಭೂಮಿಲಿದ್ದಾರೆ, ನೌಕಾಪಡೆಗೆ ಸೇರಿ ಬಂದ ಕುಟುಂಬಗಳು ಇಲ್ಲಿ ಬೇಕಾದಷ್ಟು. "ನಿಜವಾದ ಚಮೊರೊ ಈಗ ಇಲ್ಲ" ಅನ್ನೋ ಮಾತನ್ನ ಅವರು ಹುಟ್ಟಿದಾಗಿಂದ ಕೇಳ್ತಾ ಬಂದಿದ್ದಾರೆ, ಶಾಲೇಲೂ ಕೇಳಿದ್ದಾರೆ, ತಮ್ಮ ಜಮೀನು ವಾಪಸ್ ಕೇಳಿದಾಗಲೂ ಕೇಳಿದ್ದಾರೆ.

ಬೆರೆತಿದ್ದು ಹೇಗೆ ಅಂತ ಸ್ವಲ್ಪ ನೋಡಿ. ಹೊರಗಿಂದ ಬಂದೋರು ಹೆಚ್ಚಿನಂಶ ಗಂಡಸರು, ಸೈನಿಕರು. ಮದುವೆ ಆಗಿದ್ದು ಚಮೊರೊ ಹೆಣ್ಣುಮಕ್ಕಳನ್ನ. ಆ ಸಮಾಜದಲ್ಲಿ ಕುಲ ಯಾರದು? ತಾಯಿದು. ಮನೆಯಲ್ಲಿ ಮಗು ಕಲಿಯೋ ಭಾಷೆ ಯಾರದು? ತಾಯಿ, ಅಜ್ಜಿ, ಚಿಕ್ಕಮ್ಮಂದಿರದ್ದು. ಅಪ್ಪನ ಹೆಸರು ಕ್ರೂಸ್, ಪೆರೆಜ್ ಅಂತ ಚರ್ಚಿನ ಪುಸ್ತಕದಲ್ಲಿ ಬರೆದ್ರು, ಮನೆ ಒಳಗಡೆ ಮಗು ಚಮೊರೊ ಆಗಿಯೇ ಬೆಳೀತು. ತಾಯಿಯಿಂದ ಮಾತ್ರ ಬರೋ ಡಿಎನ್‌ಎ ಪರೀಕ್ಷೆ ಮಾಡಿದಾಗ ಇವತ್ತಿನ ಚಮೊರೊಗಳಲ್ಲಿ ಬಹುಪಾಲು ಜನರದ್ದು ಹಳೇ ವಂಶವೇ ಬಂತು. ಭಾಷೆಯಲ್ಲಿ ಅರ್ಧಕ್ಕರ್ಧ ಪದ ಸ್ಪ್ಯಾನಿಷ್‌ದು, ವ್ಯಾಕರಣ ಮಾತ್ರ ಅದೇ ಹಳೇ ಆಸ್ಟ್ರೊನೇಷಿಯನ್. ಯಾವ ಗಂಡಸರ ಪಟ್ಟ, ದೋಣಿ, ಯುದ್ಧ ಎಲ್ಲ ಸ್ಪೇನ್‌ನವರು ಮುರಿದು ಹಾಕಿದ್ರೋ ಅವು ಹೋದ್ವು. ಹೆಂಗಸರ ಕೈಲಿದ್ದಿದ್ದು ಉಳೀತು. ನೇರಮಾತು ಅವರು ಮೇಲೆ ಹೆಂಗಸರಿಗೆ ಕುಟುಂಬದೊಳಗೆ ಮಾತ್ರ ಅಧಿಕಾರ ಅಂದ್ರಲ್ಲ, ಆ ಕುಟುಂಬದೊಳಗೇ ಇಡೀ ಜನಾಂಗ ಉಳ್ಕೊಂಡಿದ್ದು.

ಧಾರವಾಡದಾಕಿ:
ಇದನ್ನ ಹೇಳಾಕತ್ತಿದ್ದೆ ನಾನೂ!

ನೇರಮಾತು:
ಒಳ್ಳೆ ವಾದ. ಆದ್ರೆ ಅಮೆರಿಕದ ಕಾಲ ಮರೀಬೇಡಿ. 1917ರಲ್ಲಿ ನೌಕಾಪಡೆ ಆಡಳಿತ ಇಂಗ್ಲಿಷ್ ಒಂದೇ ಅಧಿಕೃತ ಅಂತ ಆದೇಶ ಮಾಡ್ತು, ಶಾಲೇಲಿ ಚಮೊರೊ ಮಾತಾಡಿದ್ರೆ ಶಿಕ್ಷೆ. ಸ್ಪೇನ್‌ನವರಿಗೆ ಮುರಿಯೋಕಾಗದ್ದನ್ನ ಶಾಲೆಗಳು ಮುರಿದ್ವು. ಇವತ್ತು ಚೆನ್ನಾಗಿ ಮಾತಾಡೋರು ವಯಸ್ಸಾದೋರೇ ಹೆಚ್ಚು.

ಸ್ಯಾನ್‌ಡಿಯಾಗೊ_ಕನ್ನಡತಿ:
ಹೌದು, ಇದು ನಿಜವಾದ ಭಯ. ನನ್ನ ಸಹೋದ್ಯೋಗಿಗೆ ಅರ್ಥ ಆಗುತ್ತೆ, ಮಾತಾಡೋಕೆ ತಡವರಿಸ್ತಾಳೆ, ಅವಳ ಅಮ್ಮನಿಗೆ ಶಾಲೇಲಿ ದಂಡ ಹಾಕಿದ್ರಂತೆ, ಅದಕ್ಕೇ ಮಕ್ಕಳಿಗೆ ಕಲಿಸಲಿಲ್ಲ. ಈಗ ಗುವಾಮ್‌ನಲ್ಲಿ ಸಣ್ಣ ಮಕ್ಕಳಿಗೆ ಪೂರ್ತಿ ಚಮೊರೊದಲ್ಲೇ ಕಲಿಸೋ ಶಾಲೆಗಳು ಶುರುವಾಗಿವೆ. ದೋಣಿನೂ ವಾಪಸ್ ಬರ್ತಿದೆ. ಸಕ್‌ಮನ್ ಅಂತ ಅವರ ಒಂಟಿ ಹಾಯಿಯ ದೋಣಿ, ಒಂದು ಪಕ್ಕಕ್ಕೆ ತೇಲುಮರ ಕಟ್ಟಿರೋದು. 1742ರಲ್ಲಿ ಟಿನಿಯನ್‌ಗೆ ಬಂದ ಇಂಗ್ಲಿಷ್ ನಾವಿಕ ಆನ್ಸನ್‌ನ ಕಡೆಯವರು ಅದನ್ನ ಅಳತೆ ಸಮೇತ ಬರ್ಕೊಂಡು, ಗಂಟೆಗೆ 20 ಮೈಲಿ ಹೋಗುತ್ತೆ ಅಂತ ಹೇಳಿದ್ರು. ಆ ಚಿತ್ರ ಇಟ್ಕೊಂಡೇ ಇಲ್ಲಿ ಸ್ಯಾನ್ ಡಿಯಾಗೊದ ಚಮೊರೊಗಳು ಒಂದು ಪೂರ್ತಿ ಅಳತೆಯ ದೋಣಿ ಕಟ್ಟಿದ್ರು.

ಮಂಡ್ಯಗೌಡ್ರು:
ಅಕ್ಕಿ ಬೆಳೀತಿದ್ರು ಅಂದ್ರಲ್ಲ, ಸಮುದ್ರದ ನಡುವೆ ಗದ್ದೆ ಹೆಂಗೆ? ಎತ್ತು ಇತ್ತಾ?

ಬೇರುಬಿಳಲು:
ಎತ್ತು, ಹಂದಿ, ನಾಯಿ ಯಾವುದೂ ಇರ್ಲಿಲ್ಲ ಗೌಡ್ರೆ. ಕೋಲು, ಗುದ್ದಲಿ ಥರದ್ದರಲ್ಲೇ. ಆ ಕಡೆ ಸಮುದ್ರದ ಉಳಿದ ದ್ವೀಪಗಳಲ್ಲಿ ಯುರೋಪಿನವರು ಬರೋ ಮುಂಚೆ ಭತ್ತ ಬೆಳೀತಿರಲಿಲ್ಲ, ಮರಿಯಾನಾ ಒಂದೇ ಅಪವಾದ. ದಿನಾ ತಿನ್ನೋಕೆ ಹೆಗ್ಗೆಣಸು, ಕೆಸುವಿನ ಗಡ್ಡೆ, ಜೀಗುಜ್ಜೆ, ಮೀನು. ಅಕ್ಕಿ ಹಬ್ಬ, ಮದುವೆ, ಸಾವಿಗೆ. ಬಂದ ಹಡಗುಗಳಿಗೆ ಅಕ್ಕಿ ಕೊಟ್ಟು ಬದಲಿಗೆ ಕಬ್ಬಿಣ ತಗೊಳ್ತಿದ್ರು.

ರಾಜುಬೆಂಗಳೂರು:
ಗುವಾಮ್‌ನಲ್ಲಿ ಹಾವು ತುಂಬ್ಕೊಂಡು ಪಕ್ಷಿಗಳೆಲ್ಲ ಹೋಗಿವೆ ಅಂತ ವಿಡಿಯೋ ನೋಡಿದ್ದೆ.

ಬೇರುಬಿಳಲು:
ಹೌದು, ಎರಡನೇ ಮಹಾಯುದ್ಧ ಆದ್ಮೇಲೆ ಮಿಲಿಟರಿ ಸರಕಿನ ಜೊತೆ ಬಂದ ಕಂದು ಮರಹಾವು. ಕಾಡುಪಕ್ಷಿಗಳಲ್ಲಿ ಹೆಚ್ಚಿನವು ಹೋದ್ವು. ವಿಷಯಾಂತರ ಆಯ್ತು, ಬೇಕಾದ್ರೆ ಬೇರೆ ಥ್ರೆಡ್ ತೆಗೀರಿ.

ಕೆರೆಏರಿ:
ನಾನು ಕೇಳಿದ ಕಲ್ಲಿನ ಕಂಬದ ವಿಷಯಕ್ಕೆ ಯಾರೂ ಬರಲೇ ಇಲ್ಲ.

ತೆಂಕಣಗಾಳಿ:
ನಾನು ಹೇಳ್ತೇನೆ. ಕಂಬಕ್ಕೆ ಹಾಲಿಗಿ, ಮೇಲಿನ ಬಟ್ಟಲಿಗೆ ತಾಸಾ, ಎರಡೂ ಸೇರಿ ಲಾಟೆ. ಸುಮಾರು ಸಾವಿರ ವರ್ಷದ ಹಿಂದೆ ಶುರುವಾಗಿ 1700ರ ಹೊತ್ತಿಗೆ ನಿಂತದ್ದು, ಜನರನ್ನ ಎಬ್ಬಿಸಿ ಬೇರೆ ಕಡೆ ಹಾಕಿದ್ರಲ್ಲ. ಎರಡು ಸಾಲಲ್ಲಿ ಆರರಿಂದ ಹದಿನಾಲ್ಕು ಕಂಬ, ಅದರ ಮೇಲೆ ಮರದ ಮನೆ, ಹುಲ್ಲಿನ ಮಾಡು. ತಾಸಾ ಹೆಚ್ಚಾಗಿ ಸಮುದ್ರದ ಹವಳದ ಗುಂಡು, ಅರ್ಧ ಗೋಳದ ಹಾಗೆ ಇರ್ತದೆ, ದುಂಡಗಿನ ಬದಿ ಕೆಳಗೆ, ಚಪ್ಪಟೆ ಬದಿ ಮೇಲೆ. ಸತ್ತವರನ್ನ ಮನೆ ಹತ್ರವೇ, ಆ ಕಂಬಗಳ ನಡುವೆಯೇ ಹುಗಿಯೂದು. ಅಗೆದಾಗ ಕೆಲವು ಅಸ್ಥಿಪಂಜರಗಳಲ್ಲಿ ತೊಡೆ, ಕಾಲಿನ ಉದ್ದ ಮೂಳೆ ಇರಲಿಲ್ಲ, ಅದನ್ನ ತೆಗೆದು ಈಟಿಯ ಮೊನೆ ಮಾಡ್ತಿದ್ರು. ಪೂರ್ವಜರ ಬಲ ಆಯುಧಕ್ಕೆ ಬರ್ತದೆ ಅಂತ ನಂಬಿಕೆ ಇದ್ದಿರಬೇಕು.

ರೋಟಾದಲ್ಲಿ ಆಸ್ ನಿಯೆವೆಸ್ ಅಂತ ಕಲ್ಲುಕ್ವಾರಿ ಉಂಟು, ತಾಗಾ ಮನೆದಕ್ಕಿಂತ ದೊಡ್ಡ ಕಂಬ, ತಾಸಾ ಸುಣ್ಣಕಲ್ಲಲ್ಲಿ ಕಡೆದು ಅರ್ಧಕ್ಕೇ ಬಿಟ್ಟದ್ದು ಹಾಗೇ ಗುಂಡಿಯಲ್ಲಿ ಉಂಟು. ಸುತ್ತ ಕಾಲುವೆ ಥರ ತೋಡಿ ಕಲ್ಲು ಬಿಡಿಸಿದ ಗುರುತು ಚೆನ್ನಾಗಿ ಕಾಣ್ತದೆ.

ಹಡಗಿನವ_ಕುಂದಾಪ್ರ:
ಇದಕ್ಕೆ ಸೇರಿಸಿ ಒಂದು ಮಾತು. ಪೂರ್ವಜರ ಆತ್ಮಗಳಿಗೆ ತಾಓತಾಓಮೋನಾ ಅಂತಾರೆ, ಕಾಡಲ್ಲಿ, ಲಾಟೆ ಹತ್ರ, ಆಲದ ಜಾತಿಯ ದೊಡ್ಡ ಮರಗಳ ಹತ್ರ ಇರ್ತಾರೆ ಅಂತ. ನನ್ನನ್ನ ಕರ್ಕಂಡು ಹೋದವರು ಭಾನುವಾರ ಚರ್ಚ್ ತಪ್ಪಿಸೋರಲ್ಲ, ಆದ್ರೆ ಕಾಡಿನ ದಾರಿಗೆ ಕಾಲಿಡೋ ಮುಂಚೆ ನಿಂತು ಅಜ್ಜ ಅಜ್ಜಿ ಅಂತ ಕರೆದು ಅಪ್ಪಣೆ ಕೇಳಿದ್ರು. ಕೇಳದೇ ಹೋಗಿ ಮೂತ್ರ ಮಾಡಿದ್ರೆ ಮೈ ಊದ್ತದೆ ಅಂತ ನನಗೂ ಎಚ್ಚರಿಕೆ ಕೊಟ್ರು. ಹಾಗೆ ಆದ್ರೆ ಡಾಕ್ಟರ್ ಹತ್ರ ಅಲ್ಲ, ಸುರುಹಾನಾ ಅಂತ ನಾಟಿ ಔಷಧಿ ಕೊಡೋ ಹೆಂಗಸಿನ ಹತ್ರ ಹೋಗೋದು.

ಜಾನ್‌ಡಿಸೋಜ:
ಇದನ್ನೇ ನಾನು ಹೇಳಿದ್ದು. ಚರ್ಚೂ ಅವರದ್ದೇ, ಪೂರ್ವಜರೂ ಅವರದ್ದೇ. ಒಂದನ್ನ ಬಿಟ್ರೆ ಮಾತ್ರ ಅಸಲಿ ಅನ್ನೋದು ಹೊರಗಿನವರ ಹಟ.

ನೇರಮಾತು:
ಈ ಮಾತು ನಾನೂ ಒಪ್ತೀನಿ ಡಿಸೋಜ ಅವರೇ.

ಕೆರೆಏರಿ:
ಎಲ್ರಿಗೂ ಧನ್ಯವಾದ. ಮುಂದಿನ ವರ್ಷ ತಮ್ಮನ ಮನೆಗೆ ಜಪಾನ್‌ಗೆ ಹೋಗೋದಿದೆ, ಅಲ್ಲಿಂದ ಗುವಾಮ್‌ಗೆ ಮೂರೂವರೆ ನಾಲ್ಕು ಗಂಟೆ ವಿಮಾನ ಅಂತ ನೋಡಿದೆ. ಲಾಟೆ ಎಲ್ಲಿ ನೋಡ್ಬಹುದು?

ಸ್ಯಾನ್‌ಡಿಯಾಗೊ_ಕನ್ನಡತಿ:
ಭಾರತದ ಪಾಸ್‌ಪೋರ್ಟ್ ಆದ್ರೆ ಅಮೆರಿಕದ ವೀಸಾ ಬೇಕು, ಅದನ್ನ ಮೊದಲು ನೋಡ್ಕೊಳ್ಳಿ. ಹಗಾಟ್ನಾ ಊರೊಳಗೇ ಲಾಟೆ ಪಾರ್ಕ್ ಇದೆ, ಎಂಟು ಕಂಬದ ಒಂದು ಪೂರ್ತಿ ಸೆಟ್. ಅವು ಅಲ್ಲಿಯವಲ್ಲ, ದ್ವೀಪದ ದಕ್ಷಿಣದ ಒಳನಾಡು ಫೇನಾ ಕಣಿವೆಯಿಂದ 1950ರ ದಶಕದಲ್ಲಿ ತಂದು ನಿಲ್ಲಿಸಿದ್ದು. ಮೂಲ ಜಾಗ ನೌಕಾಪಡೆಯ ಮದ್ದುಗುಂಡಿನ ಉಗ್ರಾಣದ ಬೇಲಿ ಒಳಗಡೆ ಇದೆ, ಅಲ್ಲಿಗೆ ಚಮೊರೊಗಳೇ ಅನುಮತಿ ತಗೊಂಡು ಹೋಗ್ಬೇಕು. ಗುವಾಮ್‌ನ ಕಾಲು ಭಾಗಕ್ಕೂ ಹೆಚ್ಚು ನೆಲ ಮಿಲಿಟರಿ ಹತ್ರ ಇದೆ. ಪಾರ್ಕಿಂದ ನಡೆದೇ ಹೋಗೋ ದೂರದಲ್ಲಿ ಮ್ಯೂಸಿಯಂ ಇದೆ, ಮೊದಲು ಅಲ್ಲಿಗೆ ಹೋಗಿ ಆಮೇಲೆ ಪಾರ್ಕಿಗೆ ಬನ್ನಿ, ನೋಡೋದು ಸುಲಭ ಆಗುತ್ತೆ. ರೋಟಾ, ಟಿನಿಯನ್‌ಗೆ ಸಣ್ಣ ವಿಮಾನ ಮಾತ್ರ, ಮೊದಲೇ ಬುಕ್ ಮಾಡಿ. ಆಡಳಿತ ಬೇರೆ ಆದ್ರಿಂದ ಪಾಸ್‌ಪೋರ್ಟ್ ಕೈಲಿರಲಿ.

ತೋಟದಮನೆ_ಶಿರಸಿ:
ಕೆರೆಏರಿಯವರೇ, ಹೋದ್ರೆ ಅಲ್ಲಿನ ಕೆಂಪು ಅಡಿಕೆದು ಒಂದು ಫೋಟೋ ತೆಗೆದು ಹಾಕಿ, ಒಡೆದಿದ್ದು ಬೇಕು, ಒಳಗಿನ ಬಣ್ಣ ನೋಡಕ್ಕು.